ಸರಸ್ವತಿಬಾಯಿಯ ಕಣ್ಣಿಗೆ ಮಸೂರ ಬೇಳೆ

ಸತ್ಯನಾರಾಯಣಪೇಟೆಯ ರಾಘಣ್ಣನಿಗೆ ಐವತ್ತಾರು ವರ್ಷವಾಗಿದ್ದರೂ ಸಕ್ಕರೆ ಕಾಯಿಲೆ ಇರಲಿಲ್ಲ, ಬಿ.ಪಿ. ಇರಲಿಲ್ಲ, ಮೊಣಕಾಲು ನೋವೂ ಇರಲಿಲ್ಲ. ಇದ್ದದ್ದು ಒಂದೇ ರೋಗ. ಎದುರಿಗೆ ಯಾರಾದರೂ ಇಂಗ್ಲಿಷಿನ ಒಂದು ದೊಡ್ಡ ಶಬ್ದ ಆಡಿದರೆ ಸಾಕು, ಅದರ ಹುಟ್ಟು, ಗೋತ್ರ, ಸೂತ್ರ ಎಲ್ಲ ಹೇಳಿ ಮುಗಿಸದೆ ಅವನಿಗೆ ನೀರು ಇಳಿಯುತ್ತಿರಲಿಲ್ಲ. ಈ ರೋಗಕ್ಕೆ ಇನ್ನೂ ಮಾತ್ರೆ ಬಂದಿಲ್ಲ.

ರೋಗ ಅಂಟಿದ್ದು ರದ್ದಿ ಅಂಗಡಿಯಲ್ಲಿ. ಹಳೆಯ ಪೇಪರು ತೂಕಕ್ಕೆ ಹಾಕಲು ಹೋದವನಿಗೆ ತಕ್ಕಡಿಯ ಪಕ್ಕದಲ್ಲಿ ಇಟ್ಟಿಗೆಯಷ್ಟು ದಪ್ಪದ ಒಂದು ಪುಸ್ತಕ ಕಂಡಿತು. ವಿಜ್ಞಾನದ ಇಂಗ್ಲಿಷ್ ಶಬ್ದಗಳು ಲ್ಯಾಟಿನ್ನಿನಿಂದ, ಗ್ರೀಕಿನಿಂದ ಹೇಗೆ ಹೇಗೆ ಬಂದವು ಎಂದು ಹೇಳುವ ಪುಸ್ತಕ. ರಟ್ಟು ಇರಲಿಲ್ಲ, ಮೊದಲಿನ ಎಪ್ಪತ್ತು ಹಾಳೆಗಳೂ ಇರಲಿಲ್ಲ. ಆ ಹಾಳೆಗಳ ಜೊತೆಗೆ ‘ಎ’ ಅಕ್ಷರ ಇಡಿಯಾಗಿ ಹೋಗಿತ್ತು. ಹೀಗಾಗಿ ‘ಎ’ಯಿಂದ ಶುರುವಾಗುವ ಶಬ್ದಗಳ ವಿಷಯದಲ್ಲಿ ರಾಘಣ್ಣ ಬಹಳ ವಿನಯವಂತ. ‘ಬಿ’ಯಿಂದ ಮುಂದೆ ಅವನನ್ನು ಹಿಡಿಯುವವರು ಯಾರೂ ಇರಲಿಲ್ಲ.

ಅವನು ದಿನಾ ಬಳ್ಳಾರಿಯಿಂದ ಬಸ್ಸು ಹತ್ತಿ ಸಿರುಗುಪ್ಪದ ಒಂದು ಸರ್ಕಾರಿ ಕಚೇರಿಗೆ ಗುಮಾಸ್ತಿಕೆಗೆ ಹೋಗುತ್ತಿದ್ದ. ಅಲ್ಲಿಯ ಜವಾನ ದೊಡ್ಡಬಸವರಾಜ ಗರಡಿಯಲ್ಲಿ ಸಾಮು ಮಾಡಿ ತೋಳು ಬೆಳೆಸಿದ ಮನುಷ್ಯ. ಅರ್ಧ ತೋಳಿನ ಅಂಗಿ ಬಿಟ್ಟು ಬೇರೆ ಹಾಕಿದವನಲ್ಲ. ಒಂದು ದಿನ ಅವನು ಯಾವುದೋ ಮಾತಿಗೆ ‘ಮಸಲ್’ ಅಂದ. ರಾಘಣ್ಣ ತಕ್ಷಣ, ಲ್ಯಾಟಿನ್ನಿನಲ್ಲಿ ಆ ಮಾತಿಗೆ ‘ಸಣ್ಣ ಇಲಿ’ ಎಂಬ ಅರ್ಥ, ಚರ್ಮದ ಕೆಳಗೆ ಇಲಿ ಓಡಾಡಿದ ಹಾಗೆ ಕಾಣುತ್ತದೆಂದು ಆ ಹೆಸರು ಇಟ್ಟರು ಎಂದು ವಿವರಿಸಿದ. ಮರುದಿನದಿಂದ ದೊಡ್ಡಬಸವರಾಜ ಪೂರ್ಣ ತೋಳಿನ ಅಂಗಿಗೆ ಬದಲಾದ. ಪಕ್ಕದ ಮನೆಯ ನಿವೃತ್ತ ಮಾಸ್ತರು ವೇದವ್ಯಾಸರಿಗೆ ‘ವ್ಯಾಕ್ಸೀನ್’ ಎಂಬ ಮಾತು ಲ್ಯಾಟಿನ್ನಿನ ಹಸುವಿನಿಂದ ಬಂದದ್ದೆಂದು ತಿಳಿಸಿದ ಮೇಲೆ ಅವರು ನರ್ಸಮ್ಮನ ಸೂಜಿಗೆ ಕೈಮುಗಿಯದೆ ತೋಳು ಕೊಡುವುದನ್ನು ನಿಲ್ಲಿಸಿದರು. ಇಷ್ಟೆಲ್ಲ ಆದರೂ ರಾಘಣ್ಣ ಹೇಳಿದ್ದರಲ್ಲಿ ಸುಳ್ಳು ಇರುತ್ತಿರಲಿಲ್ಲ. ಅದೇ ಜನರಿಗೆ ತ್ರಾಸಾಗಿತ್ತು. ಸುಳ್ಳಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಆಡಿದರೂ ಪ್ರಯೋಜನ ಇರಲಿಲ್ಲ ಅನ್ನಿ. ‘ನನ್ನದು ತಪ್ಪಾತು’ ಎಂಬ ಮಾತು ರಾಘಣ್ಣನ ಬಾಯಿಂದ ಬಿದ್ದದ್ದನ್ನು ಕೇಳಿದ ಕಿವಿ ಬಳ್ಳಾರಿಯಲ್ಲಿ ಒಂದೂ ಇರಲಿಲ್ಲ.

ಈಗ ಸರಸ್ವತಿಬಾಯಿಯವರ ವಿಷಯಕ್ಕೆ ಬರೋಣ. ಅವರು ರಾಘಣ್ಣನ ತಂದೆಯ ತಂಗಿ. ತಾಯಿ ಇಲ್ಲದ ರಾಘಣ್ಣನನ್ನು ಮೂರು ವರ್ಷದ ಕೂಸಿನಿಂದ ಸಾಕಿದವರು. ಈಗ ಎಪ್ಪತ್ತೆಂಟು ವರ್ಷ, ಎರಡೂ ಕಣ್ಣಿಗೆ ಪೊರೆ. ಬಲಗಣ್ಣಿನ ಪೊರೆ ಬಲಿತು ಹಾಲಿನ ಬಣ್ಣಕ್ಕೆ ತಿರುಗಿತ್ತು. ಹಿಂದಿನ ತಿಂಗಳು ಹಸುವಿಗೆ ಇಡುವ ಗೋಗ್ರಾಸವನ್ನು ಬಾಗಿಲ ಮುಂದಿನ ಸ್ಕೂಟರಿನ ಸೀಟಿನ ಮೇಲೆ ಇಟ್ಟು, ಅದರ ಹ್ಯಾಂಡಲ್ ನೇವರಿಸಿ, ‘ಯಾಕೋ ಇವತ್ತು ಕೊಂಬು ತಣ್ಣಗವ’ ಎಂದು ಒಳಗೆ ಬಂದಿದ್ದರು. ಆಪರೇಶನ್ನಿಗೆ ಒಪ್ಪಿಸಲು ಮನೆಯವರಿಗೆ ಒಂದು ವರ್ಷ ಹಿಡಿಯಿತು. ಕೊನೆಗೆ ಒಪ್ಪಿದರು. ಡಾಕ್ಟರ್ ಭಾವನಾ ಬುಧವಾರ ಬೆಳಿಗ್ಗೆ ಬರಲು ಹೇಳಿದರು.

ಆಗ ಚಾತುರ್ಮಾಸ್ಯದ ನಾಲ್ಕನೆಯ ತಿಂಗಳು. ಅತ್ತೆ ದ್ವಿದಳ ವ್ರತ ಹಿಡಿದು ನಾಲ್ಕು ದಿನವಾಗಿತ್ತು. ಒಡೆದರೆ ಎರಡು ಹೋಳಾಗುವ ಯಾವ ಕಾಳೂ ಆ ತಿಂಗಳು ಮೈಗೆ ಸೋಕುವಂತಿಲ್ಲ. ತೊಗರಿ ಇಲ್ಲ, ಹೆಸರು ಇಲ್ಲ, ಒಗ್ಗರಣೆಗೆ ನಾಲ್ಕು ಉದ್ದಿನ ಬೇಳೆ ಸಹ ಇಲ್ಲ. ಮಸೂರ ಬೇಳೆಯ ಮಾತು ಇನ್ನೂ ಬೇರೆ. ಅದು ಆ ಮನೆಯ ಹೊಸ್ತಿಲನ್ನು ಹನ್ನೆರಡು ತಿಂಗಳೂ ದಾಟುವಂತಿಲ್ಲ. ಯಾಕೆ ಎಂದು ಕೇಳಿದರೆ ಅತ್ತೆ ‘ಕೆಂಪಗದ’ ಎನ್ನುತ್ತಿದ್ದರು. ಅಷ್ಟರಲ್ಲೇ ತಿಳಿದುಕೊಳ್ಳಬೇಕು.

ಮಂಗಳವಾರ ಸಂಜೆ ವೇದವ್ಯಾಸರು ಹೆಂಡತಿಯನ್ನೂ ಓಣಿಯ ಇನ್ನು ನಾಲ್ಕು ಜನರನ್ನೂ ಕರೆದುಕೊಂಡು ಅತ್ತೆಗೆ ಧೈರ್ಯ ಹೇಳಲು ಬಂದರು. ರಾಘಣ್ಣನ ಹೆಂಡತಿ ಶಶಿರೇಖಾ ಎಲ್ಲರಿಗೂ ಕಾಫಿ ಕೊಟ್ಟಳು. ಅತ್ತೆ ಮೂಲೆಯ ಮಣೆಯ ಮೇಲೆ ಜಪಮಾಲೆ ಹಿಡಿದು ಕೂತಿದ್ದರು.

“ಏನೂ ಹೆದರಬ್ಯಾಡ್ರಿ ಬಾಯಾರ,” ಎಂದರು ವೇದವ್ಯಾಸರು. “ಹತ್ತು ನಿಮಿಷದ ಕೆಲಸ. ಪೊರೆ ತಗೀತಾರ, ಲೆನ್ಸ್ ಹಾಕ್ತಾರ, ಮನಿಗೆ ಕಳಸ್ತಾರ.”

ರಾಘಣ್ಣ ಕಾಫಿಯ ಲೋಟ ಕೆಳಗಿಟ್ಟ. ಅವನು ಲೋಟ ಕೆಳಗಿಡುವ ರೀತಿ ನೋಡಿಯೇ ಶಶಿರೇಖಾ ಅಡುಗೆಮನೆಯಿಂದ, “ಬ್ಯಾಡ್ರಿ, ಅವ್ರಿಗೆ ತಡ ಆಗ್ತದ,” ಎಂದಳು. ಆದರೆ ಹೊಳೆಗೆ ಬಾಗಿಲು ಯಾರು ಹಾಕುತ್ತಾರೆ?

“ಲೆನ್ಸ್ ಅಂದ್ರ ಏನಂತ ಗೊತ್ತದ ಏನ್ರಿ ಮಾಸ್ತರ?” ಎಂದ ರಾಘಣ್ಣ. “ಲ್ಯಾಟಿನ್ ಮಾತದು. ಲ್ಯಾಟಿನ್ನಿನಾಗ ಲೆನ್ಸ್ ಅಂದ್ರ ಮಸೂರ ಬ್ಯಾಳಿ. ಹಿಂದಕ್ಕ ಗಾಜು ತಿಕ್ಕಿ ತಿಕ್ಕಿ ನಡುವ ಉಬ್ಬು, ಅಂಚಿಗೆ ತೆಳು ಮಾಡಿದ್ರು ನೋಡ್ರಿ, ಅದು ಥೇಟ್ ಮಸೂರದ ಕಾಳಿನ್ಹಂಗ ಕಾಣ್ತು. ಅದಕ್ಕ ಅದ ಹೆಸರು ಇಟ್ರು.”

ವೇದವ್ಯಾಸರು ‘ಹೌದಾ’ ಎಂದರು. ಅವರ ಹೆಂಡತಿ ‘ಹೌದಾ’ ಎಂದರು. ರಾಘಣ್ಣ ತೃಪ್ತಿಯಿಂದ ಲೋಟ ಎತ್ತಿಕೊಂಡ. ಮೂಲೆಯಲ್ಲಿ ಜಪಮಾಲೆ ನಿಂತಿತು.

“ರಾಘ್ಯಾ,” ಎಂದರು ಅತ್ತೆ. “ನಾಳೆ ನನ್ನ ಕಣ್ಣಾಗ ಹಾಕೋದು ಅದನ್ನ ಏನು?”

“ಅಯ್ಯ, ಅದು ಬ್ಯಾಳಿ ಅಲ್ಲ ಅತ್ತಿ. ಒಂಥರಾ ಪ್ಲಾಸ್ಟಿಕ್ಕು. ಹೆಸರಷ್ಟ ಹಂಗ.”

“ಪ್ಲಾಸ್ಟಿಕ್ ಅಂತ ನನಗೂ ಗೊತ್ತದ. ನನ್ನ ಕಣ್ಣಿಗೆ ಪೊರಿ ಬಂದದ, ಬುದ್ಧಿಗೆ ಬಂದಿಲ್ಲ. ಆದ್ರ ಹೆಸರು ಅಂದ್ರ ಸುಮ್ಮನ ಅಂತ ತಿಳದಿ ಏನು? ತಿಳೀದ ಹರಿ ಅಂದ್ರೂ ಪುಣ್ಯ ಬರ್ತದ ಅಂತಾರ. ತಿಳೀದ ಅಂದದ್ದಕ್ಕ ಪುಣ್ಯ ಬರೋದಾದ್ರ, ತಿಳದು ತಿಳದು ಮಸೂರ ಬ್ಯಾಳಿ ಅಂತ ಹೇಳಿ ಕಣ್ಣಾಗ ಇಟಗೊಂಡ್ರ ಏನು ಬರ್ತದ?”

ಅತ್ತೆ ಮೂಗಿನ ಮೇಲಿನ ಚಾಳೀಸು ತೆಗೆದು ಮಡಚಿ, ಮುಟ್ಟಬಾರದ್ದನ್ನು ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದು ಶಶಿರೇಖಾಳ ಕಡೆ ಚಾಚಿದರು. “ಇದನ್ನೂ ಒಳಗ ಬ್ಯಾಳಿ ಡಬ್ಬಿ ಸಾಲಿನಾಗ ಇಡು. ಮೂವತ್ತು ವರ್ಷ ವ್ರತದಾಗ ಇದನ್ನ ಹಾಕ್ಕೊಂಡ ಅಡ್ಡಾಡೀನಿ. ಕೃಷ್ಣಾ, ಎಷ್ಟು ವ್ರತ ಕೆಟ್ಟಾವೋ.”

“ವ್ರತ ಮುಗೀಲಿ ಅತ್ತಿ, ಒಂದು ತಿಂಗಳು ಬಿಟ್ಟು ಮಾಡಸೋಣು,” ಎಂದ ರಾಘಣ್ಣ.

“ಹೆಸರು ಬ್ಯಾಳಿ ಆಗಿದ್ರ ಒಂದು ತಿಂಗಳು ಬಿಟ್ಟು ಹಾಕಿಸ್ಕೋತಿದ್ದೆ. ಮಸೂರ ಎಂದೂ ಇಲ್ಲ.”

ಮಾತು ಅಲ್ಲಿಗೆ ಮುಗಿಯಿತು. ವೇದವ್ಯಾಸರ ಹೆಂಡತಿಯೂ ಅದೇ ವ್ರತದವರು. ಅವರು ಮೆಲ್ಲಗೆ ತಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡರು. ಮನೆಗೆ ಹೋಗುವಾಗ ಮೆಟ್ಟಿಲು ಕಾಣದೆ ಗಂಡನ ಕಾಲು ತುಳಿದರು.

ಬುಧವಾರ ಆಸ್ಪತ್ರೆಗೆ ರಾಘಣ್ಣ ಒಬ್ಬನೇ ಹೋದ. ಡಾಕ್ಟರ್ ಭಾವನಾ ಹಸಿರು ಟೊಪ್ಪಿಗೆ ಹಾಕಿಕೊಂಡು ಸಿದ್ಧವಾಗಿದ್ದರು. ಅವನು ಹೇಳಿದ್ದನ್ನೆಲ್ಲ ಕೇಳಿ ಟೊಪ್ಪಿಗೆ ತೆಗೆದರು.

“ರೀ, ಇಪ್ಪತ್ತು ವರ್ಷದಿಂದ ಇದ ಕೆಲಸ ಮಾಡ್ತೀನಿ. ದುಡ್ಡಿಲ್ಲ ಅಂತ ಬ್ಯಾಡ ಅಂದೋರು ಅದಾರ, ಹೆದರಿ ಓಡಿದೋರು ಅದಾರ. ಬ್ಯಾಳಿ ಅಂತ ಬ್ಯಾಡ ಅಂದೋರು ನೀವ ಮೊದಲು. ಒಂದು ಮಾತು ಕೇಳ್ರಿ. ಬಲಗಣ್ಣಿನ ಪೊರೆ ಪೂರಾ ಬಲ್ತದ. ಎರಡು ವಾರದೊಳಗ ತಗೀಲಿಲ್ಲ ಅಂದ್ರ ಕಣ್ಣಿನ ಒತ್ತಡ ಏರ್ತದ. ಆಮ್ಯಾಲ ನಾ ಲೆನ್ಸ್ ಹಾಕಿದ್ರೂ ಅಷ್ಟ, ಖರೇನ ಬ್ಯಾಳಿ ಹಾಕಿದ್ರೂ ಅಷ್ಟ. ಆ ಕಣ್ಣು ತಿರುಗಿ ಬರೂದಿಲ್ಲ.”

ರಾಘಣ್ಣ ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲಿನ ಮೇಲೆ ಕೂತ. ತನ್ನನ್ನು ಸಾಕಿದ ಕಣ್ಣು ಅದು. ತನ್ನ ಜ್ವರ, ತನ್ನ ಪರೀಕ್ಷೆಯ ಫಲಿತಾಂಶ, ತನ್ನ ಮದುವೆ ಎಲ್ಲ ನೋಡಿದ ಕಣ್ಣು. ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ತಾನೇ ಅದನ್ನು ಕಳೆದುಹಾಕಲು ಹೊರಟಿದ್ದೇನೆ ಎಂದು ಅವನಿಗೆ ಅನಿಸಿತು. ಆದರೂ ‘ನಾನು ಹೇಳಿದ್ದು ಖರೇನೇ ಅಲ್ಲ?’ ಎಂಬ ಇನ್ನೊಂದು ದನಿ ಒಳಗೇ ಇತ್ತು. ಈ ದನಿಯನ್ನು ಸಂಗಡ ಕರೆದುಕೊಂಡೇ ಅವನು ಮುಂದಿನ ಹತ್ತು ದಿನ ತಿರುಗಾಡಿದ.

ಮೊದಲು ಮಗಳು ಶ್ರೀಕೃತಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕ ತೆರೆದ. ಅವಳು ಓದುತ್ತಿದ್ದದ್ದು ಕನ್ನಡ ಮಾಧ್ಯಮದಲ್ಲಿ. ಕನ್ನಡದಲ್ಲಿ ಆ ವಸ್ತುವಿಗೆ ಬೇರೇನಾದರೂ ಮರ್ಯಾದೆಯ ಹೆಸರು ಇದ್ದರೆ ಅತ್ತೆಗೆ ತೋರಿಸಬಹುದಲ್ಲ ಎಂಬ ಆಸೆ. ಬೆಳಕಿನ ಪಾಠ ತೆಗೆದ. ದಪ್ಪ ಅಕ್ಷರದಲ್ಲಿ ‘ಪೀನ ಮಸೂರ’ ಎಂದಿತ್ತು. ಕೆಳಗೆ ‘ನಿಮ್ನ ಮಸೂರ’. ಪಾಠದ ತುಂಬ ಮಸೂರ ಚೆಲ್ಲಿತ್ತು. ಕನ್ನಡದ ಪಂಡಿತರೂ ಸೇರಿ ತನಗೆ ಕೈಕೊಟ್ಟರಲ್ಲ ಎಂದು ರಾಘಣ್ಣ ಪುಸ್ತಕ ಮುಚ್ಚಿ, ಅದನ್ನು ಅತ್ತೆಯ ಮಡಿ ಉಪ್ಪಿನಕಾಯಿಯ ಭರಣಿಯ ಹಿಂದೆ, ಗೋಡೆಗೆ ಒತ್ತಿ ಇಟ್ಟ. ಆ ಭರಣಿಯನ್ನು ಅತ್ತೆ ಬಿಟ್ಟು ಬೇರೆ ಯಾರೂ ಮುಟ್ಟುತ್ತಿರಲಿಲ್ಲ, ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ. ಶ್ರೀಕೃತಿ ಪುಸ್ತಕ ಹುಡುಕಿ ಹುಡುಕಿ ಕೊನೆಗೆ ಗೆಳತಿಯ ಹತ್ತಿರ ಇಸಿದುಕೊಂಡಳು.

ಭಾನುವಾರ ಅವನು ಕುರುಗೋಡಿಗೆ ಹೋದ. ಅಲ್ಲಿಯ ವಿಶ್ವಪ್ರಿಯಾಚಾರ್ಯರು ಮನೆತನಕ್ಕೆ ಬೇಕಾದವರು. ವ್ರತದ ಸಂದೇಹ ಏನೇ ಇದ್ದರೂ ಅತ್ತೆ ಅವರ ಮಾತು ಮೀರುತ್ತಿರಲಿಲ್ಲ. ಆಚಾರ್ಯರು ಜಗಲಿಯ ಮೇಲೆ ದಪ್ಪ ಗಾಜಿನ ಕನ್ನಡಕ ಏರಿಸಿ ಪಾರಾಯಣ ಮಾಡುತ್ತಿದ್ದರು. ರಾಘಣ್ಣ ಸಂಗತಿ ಹೇಳಿದ. ಚುಟುಕಾಗಿ ಹೇಳಿದ್ದರೆ ಬದುಕುತ್ತಿದ್ದ. ಆದರೆ ಲ್ಯಾಟಿನ್ನಿನ ಭಾಗ ಬಂದಾಗ ಅವನ ನಾಲಿಗೆಗೆ ಉತ್ಸಾಹ ಬಂತು. ಕನ್ನಡಕದ ಗಾಜೂ ಅದೇ ಜಾತಿ, ಅದರ ಹೆಸರೂ ಅದೇ ಎಂದು ತಾನಾಗಿಯೇ ಸೇರಿಸಿದ.

ಆಚಾರ್ಯರು ನಿಧಾನವಾಗಿ ಕನ್ನಡಕ ತೆಗೆದು ಕೆಳಗಿಟ್ಟರು.

“ಇದಕ್ಕ ಶಾಸ್ತ್ರದಾಗ ಆಧಾರ ನೋಡಬೇಕು ರಾಘಣ್ಣ.”

“ನೋಡ್ರಿ ಆಚಾರ್ರ.”

“ನೋಡಬೇಕಂದ್ರ ಕನ್ನಡಕ ಬೇಕು.”

“ಹಾಕ್ಕೋರಿ.”

“ಹಾಕ್ಕೋಬಹುದೋ ಇಲ್ಲೋ ಅಂತ ನೋಡಬೇಕಾಗೇದಲ್ಲಪಾ.”

ಇಬ್ಬರೂ ಸ್ವಲ್ಪ ಹೊತ್ತು ಕನ್ನಡಕವನ್ನು ನೋಡುತ್ತ ಕೂತರು. ರಾಘಣ್ಣ ತಾನೇ ಓದಿ ಹೇಳುತ್ತೇನೆಂದ. ಆ ಗ್ರಂಥ ಇದ್ದದ್ದು ಹಳೆಯ ನಂದಿನಾಗರಿ ಲಿಪಿಯಲ್ಲಿ. ಅದರ ಒಂದು ಅಕ್ಷರವೂ ಅವನಿಗೆ ತಿಳಿಯಲಿಲ್ಲ. ಊಟ ಮಾಡಿಕೊಂಡು ಬಂದ ಬಸ್ಸಿಗೆ ವಾಪಸು ಬಂದ. ಊಟದಲ್ಲಿ ಬೇಳೆ ಇರಲಿಲ್ಲ.

ಸೋಮವಾರ ಕಚೇರಿಯಲ್ಲಿ ಸಾಹೇಬರು ಚಿದಾನಂದಪ್ಪನವರು ಅವನ ಮುಖ ನೋಡಿ ಕರೆದು ವಿಚಾರಿಸಿದರು. ಅವರು ದೇಶನೂರಿನವರು, ಮೂವತ್ತು ವರ್ಷ ಸರ್ಕಾರಿ ಕಾಗದ ಓದಿದವರು. ಕಾಗದದಿಂದ ಬಗೆಹರಿಯದ ತೊಂದರೆ ಈ ಲೋಕದಲ್ಲಿ ಇದೆ ಎಂಬುದನ್ನು ಅವರು ನಂಬುತ್ತಿರಲಿಲ್ಲ.

“ಇದಕ್ಯಾಕ ಇಷ್ಟು ತಲಿ ಕೆಡಿಸ್ಕೊಂಡೀರಿ?” ಎಂದರು. “ಬದುಕಿದ್ದೋರಿಗೆ ಬದುಕ್ಯಾರ ಅಂತ ನಾವು ಸರ್ಟಿಫಿಕೇಟ್ ಕೊಡಾಂಗಿಲ್ಲೇನು? ಆ ಡಾಕ್ಟರಮ್ಮನ ಕಡಿಂದ ಇದು ಬ್ಯಾಳಿ ಅಲ್ಲ ಅಂತ ಒಂದು ದೃಢೀಕರಣ ತಗೊಳ್ರಿ. ಸೀಲು ಇರ್ಲಿ. ಸೀಲು ನೋಡಿದ್ರ ಯಾರೂ ತಕರಾರು ಮಾಡಾಂಗಿಲ್ಲ.”

ಅವರೇ ಒಂದು ಕರಡು ಬರೆಸಿ ಮೂರು ಸಲ ತಿದ್ದಿ ಕೊಟ್ಟರು. ಡಾಕ್ಟರ್ ಭಾವನಾ ಅದನ್ನು ಎರಡು ಸಲ ಓದಿದರು. ಒಳಗೆ ಹೋಗಿ ನರ್ಸಮ್ಮನಿಗೂ ಓದಿಸಿದರು. ಹೊರಗೆ ಬಂದು ಸಹಿ ಹಾಕಿ, ಸೀಲು ಒತ್ತಿ, ಸೀಲಿನ ಕೆಳಗೆ ತಮ್ಮ ಕೈಯಿಂದಲೇ ಒಂದು ಸಾಲು ಸೇರಿಸಿದರು. ಅಂದು ಸಂಜೆ ಶ್ರೀಕೃತಿ ಅದನ್ನು ಅಜ್ಜಿಯ ಮುಂದೆ ಗಟ್ಟಿಯಾಗಿ ಓದಿದಳು: “ಸದರಿ ಶ್ರೀಮತಿ ಸರಸ್ವತಿಬಾಯಿಯವರ ಬಲಗಣ್ಣಿಗೆ ಅಳವಡಿಸಲಾಗುವ ವಸ್ತುವು ಮಸೂರ ಬೇಳೆ ಅಥವಾ ಇನ್ನಾವುದೇ ಬೇಳೆ ಆಗಿರುವುದಿಲ್ಲವೆಂದು ಈ ಮೂಲಕ ದೃಢೀಕರಿಸಲಾಗಿದೆ. ವಿಶೇಷ ಸೂಚನೆ: ಇದು ಬೇಯುವುದಿಲ್ಲ.”

ಅತ್ತೆ ಪೂರ್ತಿ ಕೇಳಿದರು.

“ರಾಘ್ಯಾ, ದಿನಾ ಮನಿಗೆ ನೀರು ಬರ್ತಾವ. ಇದು ಬ್ಯಾಳಿ ಅಲ್ಲ ಅಂತ ಯಾರರ ಬರದು ಕೊಡ್ತಾರೇನು?”

“ಇಲ್ಲ.”

“ನಿನ್ನ ಚಪ್ಪಲಿ ಕೊಳ್ಳೋವಾಗ ಬ್ಯಾಳಿ ಅಲ್ಲ ಅಂತ ಬರಸ್ಕೊಂಡಿಯೇನು?”

“ಇಲ್ಲ.”

“ಮತ್ತ ಇದಕ್ಕ ಯಾಕ ಬರಸ್ಕೊಂಡು ಬಂದಿ? ಅಂದ್ರ ಬ್ಯಾಳಿದು ಏನೋ ಸಂಬಂಧ ಅದ. ಅದಕ್ಕ ಸೀಲು ಹಾಕ್ಯಾರ.”

ಹೀಗೆ ಸೀಲು ಹಾಕಿದ ಮೇಲೂ ರಾಘಣ್ಣನ ಬೇಳೆ ಬೇಯಲಿಲ್ಲ.

ಇತ್ತ ಕುರುಗೋಡಿನಲ್ಲಿ ಇನ್ನೊಂದು ಅನಾಹುತ ನಡೆಯಿತು. ಆಚಾರ್ಯರು ಅಂದಿನಿಂದ ಕನ್ನಡಕ ಮುಟ್ಟಲಿಲ್ಲ. ಪಂಚಾಂಗವನ್ನು ಮೂಗಿಗೆ ತಾಗಿಸಿಕೊಂಡು ಓದಿ, ಗುರುವಾರ ಏಕಾದಶಿ ಎಂದು ಅಲ್ಲಿಯ ನಾಲ್ಕು ಮನೆಗಳಿಗೆ ಹೇಳಿ ಕಳಿಸಿದರು. ನಾಲ್ಕೂ ಮನೆಯವರು ಗುರುವಾರ ಹನಿ ನೀರು ಕುಡಿಯದೆ ಕೂತರು. ಶುಕ್ರವಾರ ಬೆಳಿಗ್ಗೆ ಪಾರಣೆಗೆ ಎಲೆ ಹಾಕಿ, ಅನ್ನದ ಮೇಲೆ ತುಪ್ಪ ಬೀಳುವ ಹೊತ್ತಿಗೆ ಬಳ್ಳಾರಿಯ ಬೀಗರಿಂದ ಫೋನು ಬಂತು. ಏಕಾದಶಿ ಅಂದೇ ಇತ್ತು. ಎಲೆಗಳನ್ನು ಎತ್ತಿ ಹಸುವಿಗೆ ಹಾಕಿ ಎಲ್ಲರೂ ಎರಡನೆಯ ದಿನದ ಉಪವಾಸಕ್ಕೆ ಕೂತರು. ಮಧ್ಯಾಹ್ನದ ಹೊತ್ತಿಗೆ ರಾಘಣ್ಣನ ಫೋನು ಹೊಡೆದುಕೊಳ್ಳಲು ಶುರುವಾಯಿತು. ಉಪವಾಸ ಇದ್ದವರ ಬಾಯಲ್ಲಿ ಅಷ್ಟು ಶಕ್ತಿ ಇರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಅದೇ ದಿನ ಸಂಜೆ ಬಡೇಸಾಬ ಬಂದ. ಓಣಿಯ ತುದಿಯಲ್ಲಿ ಮೂವತ್ತು ವರ್ಷದಿಂದ ಅವನ ಕನ್ನಡಕದ ಅಂಗಡಿ. ಗಾಜು ತಿಕ್ಕಿ ಫ್ರೇಮಿಗೆ ಕೂಡಿಸುವ ಕೆಲಸವನ್ನು ಇವತ್ತಿಗೂ ಕೈಯಿಂದಲೇ ಮಾಡುವವನು. ಅತ್ತೆಯ ಚಾಳೀಸೂ ಅವನು ಮಾಡಿದ್ದೇ. ಕೈಯಲ್ಲಿ ಒಂದು ಬಟ್ಟೆಯ ಚೀಲ ಇತ್ತು. ಅದನ್ನು ಜಗಲಿಯ ಮೇಲೆ ಸುರಿದ. ಹದಿನೇಳು ಕನ್ನಡಕ.

“ನಿಮ್ಮ ಓಣಿ ತಾಯಂದ್ರು ತಂದು ಕೊಟ್ಟು ಹೋಗ್ಯಾರ್ರಿ ರಾಘಣ್ಣಾರ. ಬ್ಯಾಳಿ ಇಲ್ಲದ ಚಸ್ಮಾ ಐತೇನು ಅಂತ ಕೇಳಾಕ ಹತ್ಯಾರ. ನಮ್ಮನ್ಯಾಗ ಹುಸೇನ್ ಬೀ ವಾರಕ್ಕ ಮೂರು ದಿನ ಮಸೂರ್ ದಾಲ್ ಮಾಡ್ತಾಳ. ಮೂವತ್ತು ವರ್ಷ ತಿಂದೀನಿ, ನನಗೂ ಚಸ್ಮಾ ಬಂದೈತಿ. ಬ್ಯಾಳಿಗೂ ಕಣ್ಣಿಗೂ ಏನು ಸಂಬಂಧ ಐತ್ರಿ?”

ರಾಘಣ್ಣ ಎಲ್ಲವನ್ನೂ ಹೇಳಿದ. ಪುಸ್ತಕ, ಆಚಾರ್ಯರು, ಸೀಲು, ಉಪವಾಸ. ಕೊನೆಗೆ ಡಾಕ್ಟರು ಕೊಟ್ಟ ಎರಡು ವಾರದಲ್ಲಿ ಇನ್ನು ಐದೇ ದಿನ ಉಳಿದಿವೆ ಎಂದ.

ಬಡೇಸಾಬ ಒಂದು ಕನ್ನಡಕ ಎತ್ತಿ ಅಂಗಿಯ ತುದಿಯಿಂದ ಒರೆಸಿದ. “ಇದಕ್ಕ ಔಷಧ ನಿಮ್ಮ ಹತ್ರನ ಐತ್ರಿ. ತಪ್ಪಾತು ಅಂದುಬಿಡ್ರಿ.”

“ತಪ್ಪಾಗಿಲ್ಲಲ್ಲೋ ಬಡೇಸಾಬ. ಅದು ಖರೇ ಅದ.”

“ಖರೇ ಇರ್ಲಿ ಬಿಡ್ರಿ, ಅದಕ್ಕೇನು ಕಣ್ಣು ಬೇಕಾಗೇತೇನು? ಕಣ್ಣು ಬೇಕಾಗಿರೋದು ಅಮ್ಮಾರಿಗೆ.”

“ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರ.”

“ಮುತ್ತಿಂದು ನನಗ ಗೊತ್ತಿಲ್ರಿ. ನಂದು ಗಾಜಿನ ಕೆಲಸ. ನಂಬರ್ ತಪ್ಪಿದ್ರ ಗಿರಾಕಿ ಮುಂದ ಕೈ ಮುಗದು ತಪ್ಪಾತು ಅಂತೀನಿ, ಬ್ಯಾರೆ ಹಾಕ್ತೀನಿ. ಎಷ್ಟೋ ಸಲ ನಂಬರ್ ಸರೀನ ಇರ್ತೈತಿ, ಗಿರಾಕಿ ನೋಡೋದ ತಪ್ಪಿರ್ತೈತಿ. ಆವಾಗೂ ತಪ್ಪಾತು ಅಂತೀನಿ. ಅಂಗಡಿ ಮೂವತ್ತು ವರ್ಷ ನಡದೈತಿ.”

ಅಂದು ಏಕಾದಶಿ. ರಾಘಣ್ಣನ ಹೊಟ್ಟೆ ಖಾಲಿ, ತಲೆ ತುಂಬ. ಮರುದಿನ ದ್ವಾದಶಿಯ ಊಟವೂ ಅವನಿಗೆ ರುಚಿಸಲಿಲ್ಲ. ಅತ್ತೆ ಎಲೆಯ ಮುಂದೆ ಕೂತು ಉಪ್ಪು ಎಲ್ಲಿದೆ ಎಂದು ಬೆರಳಿನಿಂದ ಹುಡುಕುತ್ತಿದ್ದರು. ಬೆರಳು ಎಲೆಯ ಮೇಲೆ ಮೂರು ಸುತ್ತು ಬಂತು. ಉಪ್ಪು ಸಿಗಲಿಲ್ಲ. ಅತ್ತೆ ಯಾರನ್ನೂ ಕೇಳದೆ ಹಾಗೇ ಅನ್ನ ಕಲಸಿದರು. ರಾಘಣ್ಣ ಎದ್ದು ಹೋಗಿ ಕೈ ತೊಳೆದ.

ಭಾನುವಾರ ಬೆಳಿಗ್ಗೆ ಅವನು ಓಣಿಯವರನ್ನೆಲ್ಲ ಮನೆಗೆ ಕರೆಸಿದ. ವೇದವ್ಯಾಸ ದಂಪತಿಗಳು ಬಂದರು, ಕನ್ನಡಕ ಬಿಟ್ಟ ಹದಿನೇಳು ಜನ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ಬಂದರು. ಕುರುಗೋಡಿನ ಆಚಾರ್ಯರನ್ನು ಫೋನಿನ ಸ್ಪೀಕರಿನಲ್ಲಿ ಇಟ್ಟು ತುಳಸಿಕಟ್ಟೆಯ ಮೇಲೆ ಕೂಡಿಸಲಾಯಿತು. ಸಾಹೇಬರು ಕಳಿಸಿದ ಕಾಗದಕ್ಕೆ ರಾಘಣ್ಣನ ಸಹಿ ಮಾಡಿಸಿಕೊಳ್ಳಲು ಸಿರುಗುಪ್ಪದಿಂದ ಬಂದಿದ್ದ ದೊಡ್ಡಬಸವರಾಜನೂ ಬಾಗಿಲಲ್ಲಿ ನಿಂತ. ಅತ್ತೆ ತಮ್ಮ ಮಣೆಯ ಮೇಲೆ ಕೂತಿದ್ದರು.

ರಾಘಣ್ಣ ದಪ್ಪ ಪುಸ್ತಕ ಹಿಡಿದು ನಡುವೆ ನಿಂತ. ಎರಡು ಸಲ ಕೆಮ್ಮಿದ.

“ನಾ ಲೆನ್ಸ್ ಅಂದ್ರ ಮಸೂರ ಬ್ಯಾಳಿ ಅಂದಿದ್ದೆ. ಅದು ಹಂಗಲ್ಲ. ನಾ ಕೆಳಗಿನ ಸಾಲು ಓದೋ ಬದಲಿ ಮ್ಯಾಲಿನ ಸಾಲು ಓದಿದ್ದೆ. ಲೆನ್ಸಿಗೂ ಬ್ಯಾಳಿಗೂ ಏನೂ ಸಂಬಂಧ ಇಲ್ಲ. ನಂದು ತಪ್ಪಾತು.”

ಶಶಿರೇಖಾ ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಕೇಳದ ಮಾತು ಕೇಳಿ ಕಂಬ ಹಿಡಿದುಕೊಂಡಳು.

“ಇನ್ನೊಮ್ಮೆ ಹೇಳು,” ಎಂದರು ಅತ್ತೆ.

“ತಪ್ಪಾತು ಅತ್ತಿ.”

ಫೋನಿನೊಳಗಿಂದ ಆಚಾರ್ಯರು, “ಶಶಿರೇಖಾ ಬಾಯಿ, ಏಕಾದಶಿ ಎರಡು ಮಾಡಿದ ಪುಣ್ಯ ನಮ್ಮೂರವ್ರಿಗೆ ಹೆಚ್ಚಿಗೆ ಬಂತು ಅಂತ ಅವನಿಗೆ ಹೇಳ್ರಿ,” ಎಂದರು. ಹಿಂದೆಯೇ ಕನ್ನಡಕದ ಡಬ್ಬಿ ತೆರೆದ ಸದ್ದು ಕೇಳಿಸಿತು.

ಆಗ ಬಾಗಿಲಿನಿಂದ ದೊಡ್ಡಬಸವರಾಜ ಮೆಲ್ಲಗೆ, “ಸರ್ರ, ಆ ಇಲಿ?” ಎಂದ.

ರಾಘಣ್ಣ ಕಣ್ಣು ಮುಚ್ಚಿಕೊಂಡ. ಮಸಲ್ ಎಂಬ ಮಾತು ಇಲಿಯಿಂದಲೇ ಬಂದದ್ದೆಂದು ಅವನಿಗೆ ಗೊತ್ತಿತ್ತು. ಪುಟದ ಸಂಖ್ಯೆಯೂ ಗೊತ್ತಿತ್ತು. “ಅದೂ ತಪ್ಪು,” ಎಂದ.

ದೊಡ್ಡಬಸವರಾಜ ಅಲ್ಲಿಯೇ ಅಂಗಿಯ ತೋಳು ಮೇಲಕ್ಕೆ ಮಡಚಿ ಮಡಚಿ ಭುಜಕ್ಕೆ ಏರಿಸಿದ. ಅದನ್ನು ನೋಡಿ ಉಳಿದವರಿಗೂ ಧೈರ್ಯ ಬಂತು. ಒಬ್ಬೊಬ್ಬರಾಗಿ ತಮಗೆ ತೊಂದರೆ ಕೊಟ್ಟ ಶಬ್ದಗಳನ್ನು ತಂದು ಮುಂದಿಟ್ಟರು. ರಾಘಣ್ಣ ಎಲ್ಲಕ್ಕೂ ತಪ್ಪು, ತಪ್ಪು, ಅದೂ ತಪ್ಪು ಎನ್ನುತ್ತ ಹೋದ. ವೇದವ್ಯಾಸರು ಮಾತ್ರ ಕೈ ಎತ್ತಿ, “ಹಸುವಿಂದು ಹಂಗ ಇರ್ಲಿ ರಾಘಣ್ಣ. ಅದು ಚಲೋ ಅದ,” ಎಂದರು.

ಎಲ್ಲರೂ ಹೋದ ಮೇಲೆ ಅತ್ತೆ ಜಪಮಾಲೆ ಡಬ್ಬಿಯಲ್ಲಿಟ್ಟರು. “ಶಶೀ, ಡಾಕ್ಟರಮ್ಮಗ ಫೋನ್ ಮಾಡು. ಯಾವಾಗ ಬರಬೇಕು ಕೇಳು,” ಎಂದರು.

ಮಂಗಳವಾರ ಆಪರೇಶನ್ ಆಯಿತು. ಡಾಕ್ಟರ್ ಭಾವನಾ ಹೊರಗೆ ಬಂದು, ಇನ್ನೂ ನಾಲ್ಕು ದಿನ ತಡವಾಗಿದ್ದರೆ ತಾವು ಏನೂ ಮಾಡಲಾಗುತ್ತಿರಲಿಲ್ಲ ಎಂದರು. ರಾಘಣ್ಣ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತ. ಲೆನ್ಸ್ ಡಬ್ಬಿಯ ಮೇಲಿನ ಇಂಗ್ಲಿಷನ್ನು ಯಾರಿಗೂ ವಿವರಿಸಲಿಲ್ಲ.

ಒಂದು ವಾರ ಕಳೆಯಿತು. ಅತ್ತೆಗೆ ಬಲಗಣ್ಣು ನಿಚ್ಚಳವಾಗಿ ಕಾಣತೊಡಗಿತು. ಮೊದಲ ದಿನ ಮನೆಯ ಜೇಡರ ಬಲೆಗಳೆಲ್ಲ ಕಂಡು ಶಶಿರೇಖಾಳಿಗೆ ಕೆಲಸ ಹೆಚ್ಚಿತು. ಎರಡನೆಯ ದಿನ ರಾಘಣ್ಣನ ತಲೆಯಲ್ಲಿ ಕೂದಲು ಇಲ್ಲದ್ದು ಕಂಡಿತು. ಮೂರನೆಯ ದಿನ ಅತ್ತೆ ಉಪ್ಪಿನಕಾಯಿಯ ಭರಣಿ ಇಳಿಸಿದರು.

ರಾಘಣ್ಣ ಕಚೇರಿಯಿಂದ ಬಂದಾಗ ಅವರು ಜಗಲಿಯ ಮೇಲೆ ಕೂತಿದ್ದರು. ಮಡಿಲಲ್ಲಿ ವಿಜ್ಞಾನದ ಪುಸ್ತಕ, ಎಣ್ಣೆಯ ಕಲೆ ಬಿದ್ದದ್ದು, ಬೆಳಕಿನ ಪಾಠಕ್ಕೆ ತೆರೆದದ್ದು. ಅತ್ತೆಯ ಬೆರಳು ದಪ್ಪ ಅಕ್ಷರದ ಮೇಲಿತ್ತು.

“ಪೀನ ಮಸೂರ,” ಎಂದು ಓದಿದರು. “ಏನೋ ಇದು?”

ರಾಘಣ್ಣನ ಕಾಲು ಮೆಟ್ಟಿಲಿನ ಮೇಲೆ ನಿಂತಿತು. “ಅತ್ತಿ, ಅದು…”

“ಹಾರಿಕಿ ಮಾತು ಬ್ಯಾಡ. ಕೂಡು. ಹತ್ತು ವರ್ಷದವ ಇದ್ದಾಗ ಪಕ್ಕದ ಮನಿ ಮಾವಿನಕಾಯಿ ಹರದು ಸಿಕ್ಕೊಂಡ್ಯಲ್ಲ, ಆವಾಗ ಏನಂದಿ? ನಾ ಹರೀಲಿಲ್ಲ, ಗಿಡಾನ ಬಗ್ಗಿತು ಅಂದಿ. ಹೊಡದ್ರೂ ತಪ್ಪಾತು ಅನ್ನಲಿಲ್ಲ. ಅಂಥವ ಅವತ್ತು ಅಷ್ಟು ಮಂದಿ ಮುಂದ ನಿಂತು ತಪ್ಪಾತು ಅಂದಿ. ಸುಳ್ಳು ಅಂತ ನನಗ ಅಲ್ಲೇ ಗೊತ್ತಾತು. ಖರೇನ ತಪ್ಪಿದ್ದಿದ್ರ ನೀ ಎಂದೂ ಒಪ್ತಿದ್ದಿಲ್ಲ.”

“ಮತ್ತ ಗೊತ್ತಿದ್ದೂ ಆಪರೇಶನ್ ಮಾಡಿಸ್ಕೊಂಡ್ಯಲ್ಲ?”

“ಏನು ಮಾಡ್ಲಿ. ನೀ ನನ್ನ ಕಣ್ಣಿಗೆ ಅಂತ ಅಷ್ಟು ದೊಡ್ಡ ತ್ರಾಸು ತಗೊಂಡಿ. ನಾ ಒಂದು ಕಾಳು ಬ್ಯಾಳಿ ತಗೋಬಾರ್ದೇನು?” ಅತ್ತೆ ಪುಸ್ತಕ ಮುಚ್ಚಿ ಬದಿಗಿಟ್ಟರು. “ಪ್ರಾಯಶ್ಚಿತ್ತಕ್ಕ ಎರಡು ಉಪವಾಸ ಮಾಡ್ತೀನಿ. ನೀನೂ ನನ್ನ ಸಂಗಡ ಮಾಡು. ನಾಲಿಗಿ ಸ್ವಲ್ಪ ಒಣಗಲಿ.”

ರಾಘಣ್ಣ ಅವರ ಪಕ್ಕದಲ್ಲಿ ಕೂತ. ಅತ್ತೆ ಅವನ ಬೋಳು ತಲೆಯ ಮೇಲೆ ಒಮ್ಮೆ ಕೈಯಾಡಿಸಿದರು.

ಮುಂದಿನ ತಿಂಗಳು ಎಡಗಣ್ಣಿನ ಸರದಿ ಬಂತು. ಹಿಂದಿನ ದಿನ ಸಂಜೆ ವೇದವ್ಯಾಸರು ಮತ್ತೆ ಎಲ್ಲರನ್ನೂ ಕರೆದುಕೊಂಡು ಧೈರ್ಯ ಹೇಳಲು ಬಂದರು. ಶಶಿರೇಖಾ ಕಾಫಿ ಕೊಟ್ಟಳು. ಅತ್ತೆ ಆಸ್ಪತ್ರೆಯ ಚೀಟಿಯನ್ನು ಹೊಸ ಕಣ್ಣಿನ ಹತ್ತಿರ ಹಿಡಿದು ನೋಡಿದರು.

“ರಾಘ್ಯಾ, ಡಾಕ್ಟರಮ್ಮ ಪೊರಿಗೆ ಪೊರಿ ಅನ್ನೂದಿಲ್ಲ, ಕ್ಯಾಟರಾಕ್ಟ್ ಅಂತಾಳ. ಹಂಗಂದ್ರ ಏನೋ?”

ವೇದವ್ಯಾಸರ ಹೆಂಡತಿ ಕನ್ನಡಕದ ಮೇಲೆ ಕೈ ಇಟ್ಟುಕೊಂಡರು. ಶಶಿರೇಖಾ ತಟ್ಟೆ ಹಿಡಿದು ಅಲ್ಲಿಯೇ ನಿಂತಳು. ರಾಘಣ್ಣ ಲೋಟ ಕೆಳಗಿಟ್ಟ. ‘ಸಿ’ ಅಕ್ಷರದಲ್ಲಿ ಆ ಶಬ್ದ ಇರುವ ಪುಟ, ಲ್ಯಾಟಿನ್ನಿನಲ್ಲಿ ಅದಕ್ಕಿರುವ ‘ಜಲಪಾತ’ ಎಂಬ ಅರ್ಥ, ಅದಕ್ಕೂ ಹಿಂದಿನ ಗ್ರೀಕು ಎಲ್ಲವೂ ಸಾಲಾಗಿ ಬಂದು ನಾಲಿಗೆಯ ತುದಿಯಲ್ಲಿ ನಿಂತಿದ್ದವು. ಅವನು ಅತ್ತೆಯ ಬಲಗಣ್ಣನ್ನು ನೋಡಿದ. ಅದು ಅವನನ್ನೇ ನೋಡುತ್ತಿತ್ತು.

“ಅದು ‘ಎ’ ಅಕ್ಷರದಾಗ ಬರ್ತದ ಅತ್ತಿ,” ಎಂದ ರಾಘಣ್ಣ. “ನನ್ನ ಪುಸ್ತಕದಾಗ ಆ ಹಾಳಿ ಇಲ್ಲ.”